ಹೂಂಗುಟ್ಟುವ ಪೆಟ್ಟಿಗೆ

ನನ್ನ ಮೊಮ್ಮಗಳು ದಿವ್ಯಶ್ರೀಯದು ಕೆಮ್ಮು ಕತ್ತರಿಸುವ ಉದ್ಯೋಗ. ಮೈಸೂರಿನ ಒಂದು ಪಾಡ್‌ಕಾಸ್ಟ್ ಕಂಪನಿಯವರು ಕಳಿಸುವ ಮಾತುಕತೆಗಳನ್ನು ಶನಿವಾರಸಂತೆಯ ನಮ್ಮ ಮನೆಯಲ್ಲೇ ಕುಳಿತು ಕೇಳಿ, ಅದರಲ್ಲಿನ ಕೆಮ್ಮು, ಏದುಸಿರುಗಳನ್ನು ಲ್ಯಾಪ್‌ಟಾಪಿನಲ್ಲಿ ತೆಗೆದುಹಾಕುತ್ತಾಳೆ. ಅದಕ್ಕೂ ಮೊದಲು ತರಕಾರಿ ಆಟೋಗಳಿಗೆ ಕೂಗು ಮುದ್ರಿಸಿಕೊಡುತ್ತಿದ್ದಳು. ಆಮೇಲೆ ಮದುವೆ ವಿಡಿಯೋಗಳಿಗೆ ಹಾಡು ಕೂಡಿಸಿದಳು. ಈಗ ಕಂಪನಿಯ ಯಜಮಾನರು, ಸೋಮವಾರದೊಳಗೆ ನೀನೇ ಒಂದು ಕಂತು ಮಾಡಿ ಕಳಿಸು, ಚೆನ್ನಾಗಿದ್ದರೆ ಪ್ರೊಡ್ಯೂಸರ್, ಇಲ್ಲದಿದ್ದರೆ ಕೆಮ್ಮೇ ಗತಿ ಎಂದಿದ್ದರು.

ಅವಳು ನೆಚ್ಚಿಕೊಂಡದ್ದು ನನ್ನ ಅಕ್ಕ ಚನ್ನಬಸಮ್ಮನ ಕತೆಗಳನ್ನು. ಆದರೆ ಅಕ್ಕ ಕತೆ ಹೇಳಲು ಎದುರಿಗೆ ಒಬ್ಬರು ಹೂಂಗುಟ್ಟಬೇಕು. ಹೂಂ ನಿಂತರೆ ಕತೆಯೂ ನಿಲ್ಲುತ್ತದೆ. ಇಷ್ಟು ವರ್ಷ ಹೂಂಗುಟ್ಟಿದವಳು ನನ್ನ ಹೆಂಡತಿ ಕುಸುಮಾ. ಕಾರ್ತಿಕದಲ್ಲಿ ಅವಳು ಲಿಂಗೈಕ್ಯಳಾದ ಮೇಲೆ ಅಕ್ಕ ಒಂದು ಕತೆಯನ್ನೂ ಹೇಳಿರಲಿಲ್ಲ.

ನಾನು ಹೂಂಗುಟ್ಟಲು ಕುಳಿತೆ. ರಾಜನಿಗೆ ಹೆಣ್ಣು ಹುಡುಕುವ ಮೊದಲೇ ನನಗೆ ನಿದ್ದೆ ಬಂತು. ಅಕ್ಕ ಎದ್ದುಹೋದಳು.

ದಿವ್ಯಶ್ರೀ ಸುಮ್ಮನಿರುವವಳಲ್ಲ. ನನ್ನಿಂದ ಹತ್ತಾರು ಬಗೆಯ ಹೂಂ ಹೇಳಿಸಿ ಮುದ್ರಿಸಿಕೊಂಡಳು: ಬೆರಗಿನದು, ಮರುಕದ್ದು, ‘ಆಮೇಲೆ?’ ಎನ್ನುವಂಥದ್ದು. ಅಕ್ಕನ ಕಣ್ಣಿಗೆ ಪೊರೆ ಬಂದಿದೆ. ನಾನು ಮೂಗಿನವರೆಗೆ ಶಾಲು ಹೊದ್ದು ಕೂರಬೇಕು, ನನ್ನ ಕುರ್ಚಿಯ ಕೆಳಗಿನ ಸ್ಪೀಕರ್ ಹೂಂಗುಟ್ಟಬೇಕು. ಬೆಳಗಿನ ಪೂಜೆಯಲ್ಲೇ ಶಿವನ ಕ್ಷಮೆಯನ್ನು ಮುಂಗಡವಾಗಿ ಬೇಡಿಕೊಂಡು ಕುಳಿತೆ.

ಕತೆ ಸೊಗಸಾಗಿ ಸಾಗಿತು. ದಿವ್ಯಶ್ರೀ ಹಿಂದೆ ಕುಳಿತು ಗುಂಡಿ ಒತ್ತುತ್ತಿದ್ದಳು. ನಡುವೆ ಅಕ್ಕ ಒಂದು ಗಳಿಗೆ ತಡೆದು ಕಿವಿಗೊಟ್ಟಳು. ಆಮೇಲೆ ಅದೇ ದನಿಯಲ್ಲಿ ಮುಂದುವರಿಸಿದಳು.

“ರಾಜ ಆನೇನ ಕಂಕುಳಲ್ಲಿ ಇಟ್ಕೊಂಡು ಸಂತೆಗೆ ಹೋದ.”

“ಹೂಂ,” ಎಂದಿತು ಕುರ್ಚಿ.

“ಅಲ್ಲಿ ನನ್ನ ತಮ್ಮ ಕತ್ತೆ ಮಾರ್ತಾ ಕೂತಿದ್ದ. ಕೊಳ್ಳೋರು ಬಂದು, ಇದ್ರಲ್ಲಿ ಕತ್ತೆ ಯಾವ್ದು ಅಂದ್ರು.”

ಕುರ್ಚಿ ಮರುಕದಿಂದ ಹೂಂಗುಟ್ಟಿತು. ನನಗೆ ತಡೆಯಲಾಗಲಿಲ್ಲ. “ನಾನ್ಯಾವತ್ತು ಕತ್ತೆ ಮಾರಿದ್ದೆ?” ಎಂದುಬಿಟ್ಟೆ.

ದಿವ್ಯಶ್ರೀ ತಲೆಯ ಮೇಲೆ ಕೈ ಹೊತ್ತಳು. ಅಕ್ಕನಿಗೆ ಸೆರಗು ಬಾಯಿಗೆ ಒತ್ತಿಕೊಳ್ಳುವಷ್ಟು ನಗು.

“ಆ ಪೆಟ್ಟಿಗೆ ತೆಗಿ ಕೂಸೇ,” ಎಂದಳು. “ಏನ್ ಹೇಳಿದ್ರೂ ಒಪ್ಕೊಳ್ತದೆ. ಕುಸುಮಾ ಹಂಗಿರ್ಲಿಲ್ಲ. ನಿನ್ನೆ ಕುರುಡ ಆಗಿದ್ದ ರಾಜ ಇವತ್ತು ಬೇಟೆಗೆ ಹೆಂಗೆ ಹೋದ ಅಕ್ಕಾ ಅಂತ ಹಿಡ್ಕೊಳ್ಳೋಳು. ಇವನೀಗ ಬಾಯಿ ಬಿಟ್ನಲ್ಲ, ಹಂಗೇ ಜಗಳ ಆಡ್ಲಿ. ನಾನು ಹೇಳ್ತೀನಿ.”

ಕತೆ ಮೊದಲಿನಿಂದ ಶುರುವಾಯಿತು. ನಾನು ಹೆಜ್ಜೆಹೆಜ್ಜೆಗೂ ತಗಾದೆ ತೆಗೆದೆ. ಕುಸುಮಾಳ ಜಾಗದಲ್ಲಿ ಕುಳಿತು ಅಷ್ಟು ಮಾತಾಡಿದ್ದು ನನಗೇ ಆಶ್ಚರ್ಯ.

ದಿವ್ಯಶ್ರೀ ರೂಢಿಯಂತೆ ನನ್ನ ತಗಾದೆಗಳನ್ನೆಲ್ಲ ಕತ್ತರಿಸಿ ಕೇಳಿ ನೋಡಿದಳು. ಅಕ್ಕ ಗೋಡೆಗೆ ಪಾಠ ಒಪ್ಪಿಸಿದಂತಿತ್ತು. ಮತ್ತೆ ಎಲ್ಲವನ್ನೂ ಕೂಡಿಸಿ, ನನ್ನ ಕೆಮ್ಮನ್ನೂ ಬಿಟ್ಟು, ಹಾಗೆಯೇ ಕಳಿಸಿದಳು.

ಸೋಮವಾರ ಯಜಮಾನರ ಫೋನು ಬಂತು. ಕತೆ ಪರವಾಗಿಲ್ಲ, ಆದರೆ ನಡುನಡುವೆ ಬಾಯಿ ಹಾಕುವ ಆ ಮುದುಕ ಯಾರು ಎಂದು ಕೇಳಿದರಂತೆ. ದಿವ್ಯಶ್ರೀ ಮುಖ ಸಣ್ಣದು ಮಾಡಿಕೊಂಡು, ತಾತ ಎಂದಳು. ಪ್ರತಿ ಕಂತಿನಲ್ಲೂ ಅವರಿರಲಿ, ಪ್ರೊಡ್ಯೂಸರ್ ಆಗಿ ನೀನೇ ನೋಡಿಕೋ ಎಂದರಂತೆ.

ಫೋನಿಟ್ಟು ಬಂದವಳು, ನಾಳೆಯೂ ಕೂರುತ್ತೀರಾ ತಾತ ಎಂದು ಕೇಳಿದಳು. ನಾನು ಸ್ವಲ್ಪ ಬಿಗುಮಾನ ತೋರಿಸೋಣ ಎಂದುಕೊಳ್ಳುವಷ್ಟರಲ್ಲಿ ಅಕ್ಕ ಒಳಗಿನಿಂದಲೇ ಹೇಳಿದಳು:

“ಬರ್ದೆ ಎಲ್ಲೋಯ್ತಾನೆ? ನಾಳೆ ಕತೇಲಿ ಅವನ್ನ ಕೋತಿ ಮಾಡೋದದೆ.”