ಪಂಪು ನಿಲ್ಲಿಸಿದ್ದು

“ಏನೋ ಬೋಳಿಮಗನೆ, ನನ್ನನ್ನೇ ಪ್ರಶ್ನೆ ಕೇಳ್ತೀಯ? ನೀರೆತ್ತೋ ನಾಯಿ ನೀನು. ಬಾಯಿ ಮುಚ್ಕೊಂಡು ಎತ್ತು!”

ಮ್ಯಾನೇಜರ್ ಪ್ರಾಥೆರೋ ಗಣಿಯ ತಳದ ಪಂಪ್‌ಮನೆಯ ಬಾಗಿಲಲ್ಲಿ ನಿಂತು ಒದರುತ್ತಿದ್ದ. ಮುಷ್ಕರದ ಕಾಲದಲ್ಲಿ ಕಲ್ಲಿದ್ದಲಿನ ಬಂಡಿಗಳನ್ನು ಯಾಕೆ ಸಾಲಾಗಿ ನಿಲ್ಲಿಸಿದ್ದೀರಿ ಎಂದಷ್ಟೇ ನಾನು ಕೇಳಿದ್ದೆ.

ಕೂಲಿ ಇಳಿಸಿದರೆಂದು ಆ ವಸಂತದಲ್ಲಿ ನಮ್ಮ ವೇಲ್ಸ್ ಕಣಿವೆಯ ಗಣಿಗಳೆಲ್ಲ ಬಂದ್ ಆಗಿದ್ದವು. ಕೆಳಗಿಳಿಯುತ್ತಿದ್ದವರು ಪಂಪಿನ ಆಳುಗಳು ಮಾತ್ರ. ಈ ಪಾಳಿಗೆ ಇಬ್ಬರೇ: ಇದ್ವಾಲ್ ಎಂಬ ನಾನು, ಮತ್ತು ಮುದುಕ ಮೊರ್ದೆಕಾಯ್. ಅದು ನಮ್ಮವರ ಕಟ್ಟಳೆ. ಮುಷ್ಕರ ಎಷ್ಟೇ ಬಿರುಸಾಗಿರಲಿ, ಪಂಪು ನಿಲ್ಲಬಾರದು. ಗಣಿ ಮುಳುಗಿದರೆ ಗೆದ್ದವನಿಗೂ ಕೆಲಸವಿಲ್ಲ.

“ಮಧ್ಯಾಹ್ನ ಕಲ್ಲಿದ್ದಲು ಕಡಿಯೋಕೆ ಹೊರಗಿನ ಆಳು ಬರ್ತಾರೆ, ಪೊಲೀಸರ ಜೊತೆ,” ಅಂದ ಪ್ರಾಥೆರೋ. “ಅವರ ಕಾಲು ಒದ್ದೆಯಾಗಬಾರದು.”

ನನಗೆ ಮೈಯೆಲ್ಲ ಉರಿಯಿತು. ನಮ್ಮ ಮಕ್ಕಳು ಚಾಪೆಲ್ಲಿನ ಪ್ರಾರ್ಥನಾಮಂದಿರದಲ್ಲಿ ಹಂಚುವ ನೀರು ಸೂಪು ಕುಡಿದು ದಿನ ನೂಕುತ್ತಿದ್ದದ್ದು ಇವನ ಬಾಡಿಗೆ ಆಳುಗಳಿಗೆ ನೆಲ ಒಣಗಿಸಲಿಕ್ಕೇನು?

ಪಕ್ಕದಲ್ಲಿ ಪಂಪು ಮೊರೆಯುತ್ತಿತ್ತು. ಒಂದೇ ದಂಡಕ್ಕೆ ಪೋಣಿಸಿದ ಎಂಟು ಚಕ್ರಗಳು. ಮೊದಲನೆಯದು ನೀರನ್ನು ಬೀಸಿ ಎರಡನೆಯದರ ಬಾಯಿಗೆ ನೂಕುತ್ತದೆ. ಅದು ಬಂದ ಒತ್ತಡಕ್ಕೆ ತನ್ನದನ್ನೂ ಸೇರಿಸಿ ಮೂರನೆಯದಕ್ಕೆ ದಾಟಿಸುತ್ತದೆ. ಒಂದೇ ಚಕ್ರವಾದರೆ ನೀರು ಅರ್ಧ ದಾರಿಯೂ ಏರದು. ಎಂಟೂ ಕೂಡಿದರೆ ಮೇಲಿನ ಹೊಳೆಗೇ ಹೋಗಿ ಬೀಳುತ್ತದೆ.

ನಾನು ನೀರು ಮೇಲಕ್ಕೊಯ್ಯುವ ಕೊಳವೆಯ ವಾಲ್ವಿಗೆ ಕೈ ಹಾಕಿದೆ.

“ಬ್ಯಾಡ ಕಣ್ಲಾ ಇದ್ವಾಲ್!” ಮೊರ್ದೆಕಾಯ್ ನನ್ನ ತೋಳು ಹಿಡಿದ. “ನಮ್ಮಪ್ಪ ಈ ಗಣೀಲೇ ಸತ್ತ. ಇದ್ನ ಮುಳುಗುಸ್ಬ್ಯಾಡ. ನಾಳೀಕೆ ನಮ್ ಐಕ್ಳು ಏನ್ ತಿಂತವೆ?”

“ಇವತ್ತು ಏನ್ ತಿಂದ್ವು, ಅದ್ ಹೇಳಣ್ಣ.”

ಅವನು ಕೈ ಬಿಟ್ಟ. ನಾನು ವಾಲ್ವನ್ನು ನಿಧಾನವಾಗಿ ತಿರುಗಿಸುತ್ತ ಹೋದೆ. ಅದನ್ನು ಮುಚ್ಚದೆ ಕರೆಂಟು ತೆಗೆದರೆ ಮೇಲಿನ ನೀರೆಲ್ಲ ವಾಪಸು ನುಗ್ಗಿ, ಚಕ್ರಗಳನ್ನು ಹಿಮ್ಮುಖ ತಿರುಗಿಸಿ ಪಂಪನ್ನೇ ಮುರಿಯುತ್ತದೆ. ಪಂಪಿನ ಮೇಲೆ ನನಗೇನು ಸಿಟ್ಟು? ಪೂರ್ತಿ ಮುಚ್ಚಿದ ಮೇಲೆಯೇ, ಒಂದು ಕೈ ವಾಲ್ವಿನ ಮೇಲಿಟ್ಟುಕೊಂಡು, ಇನ್ನೊಂದರಿಂದ ಸ್ವಿಚ್ಚು ಎಳೆದೆ.

ಮೊರೆತ ನಿಂತಿತು. ಅಂಥ ಮೌನವನ್ನು ನಾನು ಅಲ್ಲಿ ಎಂದೂ ಕೇಳಿರಲಿಲ್ಲ. ಭಯವಾಯಿತು.

“ಹಾಕೋ, ಸೂಳೆಮಗನೆ! ಊರಿಗೂರೇ ಉಪವಾಸ ಸಾಯುತ್ತೆ, ನಿನ್ನಿಂದ!” ಪ್ರಾಥೆರೋ ತಾನೇ ಸ್ವಿಚ್ಚಿನತ್ತ ನುಗ್ಗಿದ.

ಅಷ್ಟರಲ್ಲಿ ಮೊರ್ದೆಕಾಯ್ ಹೋಗಿ ಸ್ವಿಚ್ಚಿಗೆ ಬೆನ್ನು ಕೊಟ್ಟು ನಿಂತುಬಿಟ್ಟ. ಮುದುಕನ ಕಣ್ಣಲ್ಲಿ ನೀರು ಸುರಿಯುತ್ತಿತ್ತು.

“ಮ್ಯಾಕ್ಕೋಗಿ ಹೇಳ್ಬುಡಿ ಸಾಮಿ, ಬರೋರ್ಗೆ. ಈಜು ಬಂದ್ರೆ ಇಳೀಲಿ.”

ಬಾಗಿಲಾಚೆ, ಗಣಿಯ ನೀರು ಸೇರುವ ಗುಂಡಿಯಲ್ಲಿ, ನೀರು ಗುಳುಗುಟ್ಟುತ್ತ ಏರತೊಡಗಿತ್ತು. ಪ್ರಾಥೆರೋ ಅದನ್ನು ನೋಡಿದ, ನಮ್ಮನ್ನು ನೋಡಿದ. ನಾನು ವಾಲ್ವಿನಿಂದ ಕೈ ತೆಗೆಯಲಿಲ್ಲ.