ಗುಮ್ಸಿಲ್ ಮನೆಯ ಬಟ್ಟಲು

ಮಾಲ್ಜಾ ಬಟ್ಟೆಗಂಟನ್ನು ಊಟದ ಮೇಜಿನ ಅಡಿಗೆ ಕಾಲಿನಿಂದ ಇನ್ನಷ್ಟು ಒಳಕ್ಕೆ ತಳ್ಳಿ, ಯಾರಾದರೂ ನೋಡಿದರೇನೋ ಎಂದು ಸುತ್ತ ಕಣ್ಣಾಡಿಸಿದಳು. ಯಾರೂ ನೋಡಿದಂತಿರಲಿಲ್ಲ. ಆಸ್ಪತ್ರೆಯ ನೆಲಮಾಳಿಗೆಯ ಶೋಕದ ಕೋಣೆಯಲ್ಲಿ ಬೆಳಗಿನ ಊಟ ನಡೆದಿತ್ತು. ಗಲ್ಲಿಯ ಜನ ಗಿಡ್ಡ ಮೇಜುಗಳ ಸುತ್ತ ಚಕ್ಕಳಮಕ್ಕಳ ಹಾಕಿ ಕೂತು ಕೆಂಪು ಸಾರಿಗೆ ಅನ್ನ ಕಲಸಿಕೊಳ್ಳುತ್ತಿದ್ದರು. ಒಳಗಿನ ಕೋಣೆಯಲ್ಲಿ, ಬಿಳಿ ಸೇವಂತಿಗೆಯ ನಡುವೆ, ತೀರಿಕೊಂಡ ಎದುರುಮನೆಯ ಗುಮ್ಸಿಲ್‌ಳ ಪಟ. ಯಾರದೋ ಮದುವೆಯಲ್ಲಿ ತೆಗೆದದ್ದು. ತುಟಿ ಬಿಗಿಹಿಡಿದು ನಗು ತಡೆದುಕೊಂಡ ಮುಖ.

ಮೂರು ದಿನದಿಂದ ಮಾಲ್ಜಾ ಇಲ್ಲಿಗೆ ಬಂದು ಇದೇ ಮೂಲೆಯಲ್ಲಿ ಕೂತು ಹೋಗುತ್ತಿದ್ದಳು. ಪಟದ ಮುಂದೆ ಹೋಗಿ ಬಾಗಿರಲಿಲ್ಲ. ಗಲ್ಲಿಯ ಹೆಂಗಸರಿಗೆಲ್ಲ ಅದು ಕಂಡಿತ್ತು. ಆಡಿಕೊಳ್ಳಲು ಆಕೆ ಎದ್ದುಹೋಗಲಿ ಎಂದು ಕಾಯುತ್ತಿದ್ದರು.

ಗಂಟಿನಲ್ಲಿದ್ದದ್ದು ನೀಲಿ ಅಂಚಿನ ಒಂದು ಪಿಂಗಾಣಿ ಬಟ್ಟಲು. ಗುಮ್ಸಿಲ್ ಮನೆಯದು. ತೊಳೆದು ಒರೆಸಿದ್ದ ಖಾಲಿ ಬಟ್ಟಲು. ಅವರ ಗಲ್ಲಿಯಲ್ಲಿ ಏನಾದರೂ ಹಾಕಿಕೊಂಡು ಬಂದ ಪಾತ್ರೆ ಖಾಲಿ ಹಿಂದಿರುಗುವ ಪದ್ಧತಿ ಇರಲಿಲ್ಲ. ನಾಲ್ಕು ಬೆಳ್ಳುಳ್ಳಿಯನ್ನಾದರೂ ಹಾಕಿ ಕಳಿಸಬೇಕು. ಈ ಸಲ ಈ ಬಟ್ಟಲು ಹಿಂದಿರುಗಿಯೇ ಇರಲಿಲ್ಲ. ಇನ್ನು ಸ್ವಲ್ಪ ಹೊತ್ತಿಗೆ ಶವಪೆಟ್ಟಿಗೆ ಎತ್ತುತ್ತಾರೆ. ಆಮೇಲೆ ಇದನ್ನು ಯಾರಿಗೆ ಕೊಡುವುದು?

"ಚಿಕ್ಕಮ್ಮಾ, ಸಾರು ತಣ್ಣಗಾಯ್ತು," ಎನ್ನುತ್ತ ದೋಂಗ್ಸು ಎದುರಿಗೆ ಬಂದು ಕೂತ. ಗಲ್ಲಿಯಲ್ಲೇ ಬೆಳೆದ ಹುಡುಗ, ಈಗ ಟ್ಯಾಕ್ಸಿ ಓಡಿಸುತ್ತಾನೆ, ತಲೆ ಬೋಳಾಗಿದೆ. "ಮೂರು ದಿನದಿಂದ ನೋಡ್ತಾ ಇದೀನಿ, ಬರೀ ಚಮಚ ತಿರುಗಿಸ್ತೀರ. ಗುಮ್ಸಿಲ್ ದೊಡ್ಡಮ್ಮ ಎದ್ದು ಬಂದು ಬೈತಾಳೆ, ನನ್ನ ಸಾವಿನೂಟ ಅಷ್ಟು ಕೆಟ್ಟಿದೆಯೇನೇ ಅಂತ."

"ನಿನ್ನ ಸೊಂಟ ಹೇಗಿದೆಯೋ?"

"ಕೇಳಬೇಡಿ. ನಿನ್ನೆ ಸೋಜು ಹೆಂಡದ ಬಾಟ್ಲಿ ಪೆಟ್ಟಿಗೆ ಎತ್ತಕ್ಕೆ ಹೋಗಿ ಹಿಡ್ಕೊಂಡ್ತು. ಶವಪೆಟ್ಟಿಗೆ ಹೊರೋಕೆ ಆರು ಜನ ಅಂತ ಲೆಕ್ಕ ಹಾಕಿದ್ವಿ, ಈಗ ಐದೇ. ತೇಗಿಲ್ ಅಲ್ಲಿ ಉರ್ಕೊಂಡು ಕೂತಿದಾನೆ."

ತೇಗಿಲ್ ಗುಮ್ಸಿಲ್‌ಳ ಮಗ. ತೋಳಿಗೆ ಶೋಕದ ಪಟ್ಟಿ ಕಟ್ಟಿಕೊಂಡು, ಮೂರು ದಿನ ನಿದ್ದೆಗೆಟ್ಟ ಕಣ್ಣಿನಲ್ಲಿ ಪಟದ ಕೋಣೆಯ ಬಾಗಿಲಲ್ಲಿ ಕೂತಿದ್ದ. ಅವನ ಮುಂದೆ ಮಾಲ್ಜಾಳ ಮಗ ಇನ್ಹೋ ನಿಂತಿದ್ದ. ನಲವತ್ತರ ಹತ್ತಿರದ ಆಳು. ನಿಂತಾಗ ಎಡಗೈ ತಾನಾಗಿಯೇ ನಡುಗುತ್ತದೆ. ಮಾತು ತಡವಾಗಿ ಬರುತ್ತದೆ.

"ನಾನು... ಹೊರ್ತೀನಿ," ಎಂದ ಇನ್ಹೋ.

"ಬೇಡ ಕಣೋ. ಮೆಟ್ಟಿಲಿದೆ."

"ಹೊರ್ತೀನಿ."

"ಇನ್ಹೋ, ಬಾ ಇಲ್ಲಿ!" ಮಾಲ್ಜಾ ಮೂಲೆಯಿಂದಲೇ ಕೂಗಿದಳು. "ಬೇಡ ಅಂದ್ರಲ್ಲ. ಬೀಳಿಸ್ತೀಯ."

ತೇಗಿಲ್ ತಲೆ ಎತ್ತಿ ಆಕೆಯತ್ತ ನೋಡಿದ. "ಬೀಳಿಸ್ತಾನೆ ಅಂತ ನಾನು ಹೇಳಲಿಲ್ಲ ಚಿಕ್ಕಮ್ಮ," ಎಂದ. ಮೆತ್ತಗೆ ಹೇಳಿದರೂ ಆ ಮಾತಿಗೆ ಅಂಚಿತ್ತು. "ಅವನ ಕೈ ಯಾಕೆ ನಡುಗತ್ತೆ ಅಂತ ಮೂವತ್ತು ವರ್ಷ ನಮ್ಮಮ್ಮನಿಗೆ ನೆನಪು ಮಾಡಿದ್ದು ಸಾಕು. ಇವತ್ತು ಒಂದಿನ ಬಿಟ್ಟುಬಿಡಿ."

 ದೋಂಗ್ಸು ಗೋಡೆಯ ಟೀವಿಯತ್ತ ಮುಖ ತಿರುಗಿಸಿ ಸುಮ್ಮಸುಮ್ಮನೆ ಅದರ ಸದ್ದು ಏರಿಸಿದ.

*

ಒಲಿಂಪಿಕ್ಸ್‌ಗೆ ಮುಂಚಿನ ಚಳಿಗಾಲ, ಸುಮಾರು ಮೂವತ್ತು ವರ್ಷದ ಹಿಂದಿನ ಮಾತು. ಮಾಲ್ಜಾ ಬೆಳಗಿಗೇ ಮೀನಿನ ಮಾರುಕಟ್ಟೆಗೆ ಹೋಗಿದ್ದಳು. ಕೋಣೆ ಬೆಚ್ಚಗಿಡುವ ನೆಲದಡಿಯ ಒಲೆಗೆ ಹೊಸ ಕಲ್ಲಿದ್ದಲ ಬಿಲ್ಲೆ ಇಟ್ಟು, ಮಲಗಿದ್ದ ಮಗನಿಗೆ ಹೊದಿಕೆ ಎಳೆದು ಹೋಗಿದ್ದಳು. ನೆಲಕ್ಕೆ ಅಂಟಿಸಿದ ಕಾಗದದಡಿ ಎಲ್ಲೋ ಕೂದಲೆಳೆಯಷ್ಟು ಬಿರುಕಿತ್ತು; ಕಲ್ಲಿದ್ದಲ ವಿಷದ ಹೊಗೆ ಅದರಿಂದ ಕೋಣೆಗೆ ನುಸುಳಿತು.

ಹುಡುಗ ಶಾಲೆಗೆ ಹೊರಡಲಿಲ್ಲವೆಂದು ಬಾಗಿಲು ತೆಗೆದವಳು ಗುಮ್ಸಿಲ್. ಎತ್ತಿಕೊಂಡು ಅಂಗಳಕ್ಕೆ ಓಡಿದಳು. ಹೊಗೆ ಕುಡಿದವರಿಗೆ ಗಲ್ಲಿಯಲ್ಲಿ ಎಲ್ಲರೂ ಏನು ಮಾಡುತ್ತಿದ್ದರೋ ಅದನ್ನೇ ಮಾಡಿದಳು. ಜಾಡಿಯ ಮೇಲಿನ ಮಂಜುಗಡ್ಡೆ ಒಡೆದು, ಮೂಲಂಗಿಯ ನೀರುಪ್ಪಿನಕಾಯಿಯ ರಸ ಮೊಗೆದು ಬಾಯಿಗೆ ಬಿಟ್ಟಳು. ಹುಡುಗ ವಾಂತಿ ಮಾಡಿಕೊಂಡ, ಕಣ್ಣು ಬಿಟ್ಟ, "ದೊಡ್ಡಮ್ಮ" ಎಂದ. ಸುತ್ತ ನಿಂತಿದ್ದ ಹೆಂಗಸರು ಚಪ್ಪಾಳೆ ತಟ್ಟಿದರು. ಗುಮ್ಸಿಲ್ ಅವನನ್ನು ತನ್ನ ಮನೆಯಲ್ಲಿ ಮಲಗಿಸಿ, ತೊಡೆಯ ಮೇಲೆ ತಲೆ ಇಟ್ಟುಕೊಂಡು ಕೂತಳು. ಮಾಲ್ಜಾ ಮೀನಿನ ಬುಟ್ಟಿ ಇಳಿಸಿ ಓಡಿ ಬರುವ ಹೊತ್ತಿಗೆ ಮಗು ಮತ್ತೆ ಎಚ್ಚರ ತಪ್ಪಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರು, ಮೊದಲೇ ತರಬೇಕಿತ್ತು ಎಂದರು. ಮೊದಲೇ ತಂದಿದ್ದರೆ ಏನಾಗುತ್ತಿತ್ತು ಎಂಬುದನ್ನು ಅವರು ಹೇಳಲಿಲ್ಲ, ಮಾಲ್ಜಾ ಕೇಳಲೂ ಇಲ್ಲ. ಆಸ್ಪತ್ರೆಯ ಪಡಸಾಲೆಯಲ್ಲಿ, ಚಪ್ಪಲಿ ಹಾಕಿಕೊಳ್ಳುವುದನ್ನೂ ಮರೆತು ಬಂದಿದ್ದ ಗುಮ್ಸಿಲ್‌ಗೆ ಒಂದೇ ಮಾತು ಹೇಳಿದಳು: "ನಿನ್ನ ತೇಗಿಲ್ ಆಗಿದ್ರೆ ಉಪ್ಪುನೀರು ಕುಡಿಸ್ಕೊಂಡು ಕೂತಿರ್ತಿದ್ದೆಯಾ?"

ಅದೇ ಕೊನೆಯ ಮಾತು. ಎದುರುಬದುರು ಮನೆ, ನಡುವೆ ಕೈಗಾಡಿ ಹೋಗುವಷ್ಟು ಗಲ್ಲಿ. ಇಬ್ಬರೂ ಮನೆ ಬಿಡಲಿಲ್ಲ, ಮಾತೂ ಆಡಲಿಲ್ಲ. ಆದರೆ ಇನ್ಹೋ ಮಾತ್ರ ನಡೆಯಲು ಬಂದ ದಿನದಿಂದ ಎದುರು ಮನೆಗೆ ಹೋಗುತ್ತಿದ್ದ. ಬರುವಾಗ ಅವನ ಕೈಯಲ್ಲಿ ನೀಲಿ ಅಂಚಿನ ಬಟ್ಟಲು ಇರುತ್ತಿತ್ತು. ಸೋಯಾಕಾಳಿನ ಪಲ್ಯ, ಹುರಿದ ಸಣ್ಣಮೀನು, ಬೇಯಿಸಿದ ಗೆಣಸು. ಮೊದಲ ಸಲ ಮಾಲ್ಜಾ ಬಟ್ಟಲನ್ನು ಗೋಡೆಗೆ ಬೀಸಬೇಕೆಂದು ಎತ್ತಿದ್ದಳು. ಎತ್ತಿದ ಕೈ ಹಾಗೇ ಇಳಿದು, ಅದನ್ನು ತೊಳೆದು, ಎರಡು ಬಂಗಡೆ ಹಾಕಿ ವಾಪಸು ಕಳಿಸಿತು. ಹಾಗೆಯೇ ನಡೆಯಿತು, ವರ್ಷಗಟ್ಟಲೆ. ಬಾಯಿ ಮುಚ್ಚಿತ್ತು, ಬಟ್ಟಲು ಓಡಾಡುತ್ತಿತ್ತು. ಆದರೆ ಆ ಎರಡು ಮನೆಗಳಲ್ಲಿ ಮತ್ತೆಂದೂ ಯಾರೂ ಮೂಲಂಗಿಯ ನೀರುಪ್ಪಿನಕಾಯಿ ಹಾಕಲಿಲ್ಲ.

*

ಟೀವಿಯಲ್ಲಿ ಬರುತ್ತಿದ್ದದ್ದು ಗಲ್ಲಿಯೊಂದರ ಧಾರಾವಾಹಿ. ಚಳಿಗಾಲ ಶುರುವಾದಾಗಿನಿಂದ ದೇಶಕ್ಕೆ ದೇಶವೇ ನೋಡಿದ್ದು, ಈಗ ಮರುಪ್ರಸಾರ. ಹಳೆಯ ಕಾಲದ ಗಲ್ಲಿ, ಐದಾರು ಗೆಳೆಯರು, ಅವರ ಅಪ್ಪ ಅಮ್ಮಂದಿರು, ಮನೆಯಿಂದ ಮನೆಗೆ ಓಡುವ ಸಾರಿನ ಪಾತ್ರೆಗಳು.

"ನೋಡು, ನಮ್ಮ ಗಲ್ಲಿಯೇ," ಎಂದಳು ಹೆಂಗಸೊಬ್ಬಳು, ಮಾತು ಬದಲಾಗಲಿ ಎಂದು.

"ನಮ್ಮ ಗಲ್ಲೀನಾ? ಅಲ್ಲಿ ಕಕ್ಕಸಿನ ಮುಂದೆ ಸಾಲು ನಿಂತವರು ಎಲ್ಲಿ?" ಎಂದ ದೋಂಗ್ಸು. "ಅಲ್ಲಿ ಹುಡುಗೀರೂ ಎಷ್ಟು ಚೆಂದ. ನಮಗಿದ್ದಿದ್ದು ಮಿರಾನ್ ಒಬ್ಬಳು. ಅವಳೂ ಹೊಡೀತಿದ್ದಳು."

"ಈಗಲೂ ಹೊಡೀತೀನಿ," ಎಂದಳು ತೇಗಿಲ್‌ನ ತಂಗಿ ಮಿರಾನ್, ಕಪ್ಪು ಬಟ್ಟೆಯಲ್ಲಿ ಸಾರಿನ ತಟ್ಟೆ ಹಿಡಿದು ಹೋಗುತ್ತ. ಜನ ನಕ್ಕರು. ಮಾಲ್ಜಾಗೂ ಉಸಿರು ಸ್ವಲ್ಪ ಸಡಿಲವಾಯಿತು.

ಅಷ್ಟರಲ್ಲಿ ಪರದೆಯ ಮೇಲೆ ತಾಯಿಯೊಬ್ಬಳು ಮಕ್ಕಳನ್ನು ಕಂಕುಳಲ್ಲಿ ಇರುಕಿಕೊಂಡು ಮಂಜಿನ ಅಂಗಳಕ್ಕೆ ಓಡಿ ಬಂದಳು. ಮಾಲ್ಜಾ ಕಣ್ಣು ಮುಚ್ಚಿಕೊಂಡಳು. ಮುಂದಿನದು ಅವಳಿಗೆ ಗೊತ್ತಿತ್ತು. ಜಾಡಿ, ಬಟ್ಟಲು, ಹುಡುಗ ಗಟಗಟ ಕುಡಿಯುತ್ತಾನೆ, ತೇಗುತ್ತಾನೆ, ಚೀಲ ಹೆಗಲಿಗೇರಿಸಿ ಶಾಲೆಗೆ ಓಡುತ್ತಾನೆ. ಮೊದಲ ಸಲ ಬಂದಾಗ ಅಲ್ಲಿಗೇ ಟೀವಿ ಆರಿಸಿದ್ದಳು.

"ಆರಿಸೋ ಅದನ್ನ!" ತೇಗಿಲ್ ಗದರಿದ. ದೋಂಗ್ಸು ರಿಮೋಟಿಗೆ ತಡಕಾಡಿದ.

ಆದರೆ ಇನ್ಹೋ ನಗುತ್ತಿದ್ದ. ನಡುಗುವ ಕೈಯಿಂದಲೇ ಪರದೆ ತೋರಿಸುತ್ತಿದ್ದ.

"ದೊಡ್ಡಮ್ಮ... ಇದನ್ನ ನನ್ ಜೊತೆ ನೋಡಿದ್ರು," ಎಂದ. ಒಮ್ಮೆ ಬಂದ ಮೇಲೆ ಅವನ ಮಾತು ನಿಲ್ಲುತ್ತಿರಲಿಲ್ಲ. "ಅತ್ತರು. ಅವತ್ತು ಹೇಗಿತ್ತೋ ಇನ್ಹೋ, ಕಹಿ ಇತ್ತಾ ಅಂತ ಕೇಳಿದ್ರು. ರುಚಿ ಇತ್ತು ಅಂದೆ. ಸಿಹಿಯಾಗಿತ್ತು. ಆಮೇಲೆ ಯಾರೂ ಮಾಡೇ ಇಲ್ಲ, ನನಗೆ ಬೇಕು ಅಂದೆ. ಕೊಡಿ ಅಂದೆ. ಮಾಡಿದ್ರು! ನಾನೇ ಮೂಲಂಗಿ ತೊಳೆದೆ. ಒಂದು ಬಟ್ಟಲು ಕೊಟ್ರು, ಅಮ್ಮನ ಜೊತೆ ಕುಡಿ ಅಂತ." ಪರದೆ ತೋರಿಸುತ್ತಿದ್ದ ಕೈ ಇಳಿಸಿದ. "ಅಮ್ಮ ಅದು ಕೆಟ್ಟಿದೆ ಅಂತ ಚೆಲ್ಲಿದ್ಲು."

 ಮಿರಾನ್ ಕೈಯ ತಟ್ಟೆಯನ್ನು ಹತ್ತಿರದ ಮೇಜಿನ ಮೇಲಿಟ್ಟಳು.

"ಆ ಬಟ್ಟಲಾ?" ಎಂದಳು. "ಆಸ್ಪತ್ರೇಲಿ ದಿನಾ ಕೇಳೋಳು. ಬಟ್ಟಲು ಬಂತೇನೇ, ಎದುರುಮನೆಯಿಂದ ಬಟ್ಟಲು ಬಂತಾ ಅಂತ. ಬುದ್ಧಿ ಕಲೆಸಿಹೋಗಿದೆ ಅಂದ್ಕೊಂಡು, ಬಂತು ಬಿಡಮ್ಮ ಅಂದೆ. ಏನು ಹಾಕಿದ್ದಾಳೆ ಅಂದ್ಳು. ನನಗೆ ಹೇಳಕ್ಕೇನೂ ತೋಚಲಿಲ್ಲ."

"ಚೆಲ್ಲಿದ್ರಾ ಚಿಕ್ಕಮ್ಮ?" ತೇಗಿಲ್ ಎದ್ದು ನಿಂತಿದ್ದ.

*

ಡಿಸೆಂಬರಿನ ಆ ಸಂಜೆ ಇನ್ಹೋ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು, ಚೆಲ್ಲದ ಹಾಗೆ ಹೆಜ್ಜೆಯಿಡುತ್ತ ಬಂದಿದ್ದ. ಮುಚ್ಚಳ ತೆಗೆದ ಕೂಡಲೇ ಮಾಲ್ಜಾಗೆ ಮೈ ಉರಿದುಹೋಯಿತು. ಬಿಳಿ ಮೂಲಂಗಿ, ತೇಲುವ ಹಸಿಮೆಣಸು, ಅದೇ ವಾಸನೆ. ಟೀವಿಯವರು ಇದನ್ನೇ ತೋರಿಸಿ ನಗಿಸಿದರೆಂದು ಗುಮ್ಸಿಲ್‌ಗೂ ನಗುವೇ? ಅಥವಾ ಇಷ್ಟು ವರ್ಷವಾದ ಮೇಲೆ ಒಂದು ಬಟ್ಟಲು ಕಳಿಸಿ ಎಲ್ಲ ಮುಗಿಯಿತೆಂದು ಹೇಳುವುದೇ?

"ಅಮ್ಮ, ನಾನು..." ಎಂದು ಇನ್ಹೋ ಶುರುಮಾಡಿದ.

"ಬಾಯ್ಮುಚ್ಚು! ಕೆಟ್ಟಿದೆ ಇದು. ಹೋಗಿ ಮಲಕ್ಕೋ."

ಚೆಲ್ಲಲು ಮೋರಿಯ ತನಕ ಒಯ್ದಳು. ಅಲ್ಲಿಯೇ ಬಹಳ ಹೊತ್ತು ನಿಂತಳು. ಕೊನೆಗೆ ಅದನ್ನು ಮುಚ್ಚಳದ ಡಬ್ಬಿಗೆ ಸುರಿದು ಕಿಮ್ಚಿ ಉಪ್ಪಿನಕಾಯಿ ಇಡುವ ಫ್ರಿಜ್ಜಿನ ತಳಕ್ಕೆ ತುರುಕಿದಳು. ಬಟ್ಟಲು ತೊಳೆದಳು. ಅದರಲ್ಲಿ ಏನು ಹಾಕಿ ಕಳಿಸುವುದೆಂದು ತಿಳಿಯಲಿಲ್ಲ. ನಾಳೆ ಎಂದುಕೊಂಡಳು. ಹಾಗೆ ನಾಳೆ ನಾಳೆ ಎನ್ನುತ್ತಿರುವಾಗಲೇ ಗುಮ್ಸಿಲ್ ಅಂಗಳದ ಜಾಡಿಗಳ ಹತ್ತಿರ ಜಾರಿ ಬಿದ್ದಳು, ಆಂಬುಲೆನ್ಸ್ ಬಂತು. ಕಿಟಕಿಯ ಪರದೆ ಸರಿಸಿ ಮಾಲ್ಜಾ ಅದು ತಿರುವು ದಾಟುವ ತನಕ ನೋಡಿದಳು.

*

"ಚೆಲ್ಲಿಲ್ಲ," ಎಂದಳು ಮಾಲ್ಜಾ. ದನಿ ಅವಳದೇ ಎಂದು ಅವಳಿಗೇ ಅನಿಸಲಿಲ್ಲ. "ಮನೇಲಿದೆ."

ಇನ್ಹೋ ಮೆಲ್ಲಗೆ ತಾಯಿಯತ್ತ ತಿರುಗಿದ. "ಇದೆಯಾ?"

"ಇದೆ ಕಣೋ."

ತೇಗಿಲ್ ಆಕೆಯನ್ನು ನೋಡುತ್ತ ನಿಂತ.  ಆಮೇಲೆ ಮೇಜಿನ ಮೇಲಿದ್ದ ಬಿಳಿ ಕೈಗವಸುಗಳ ಕಟ್ಟಿನಿಂದ ಒಂದು ಜೊತೆ ಎಳೆದು ಇನ್ಹೋನ ಎದೆಗೆ ಒತ್ತಿದ.

"ಬಲಗೈಲಿ ಹಿಡ್ಕೋ. ನನ್ನ ಹಿಂದೆ ಇರು. ಕೈ ಸೋತ್ರೆ ಹೇಳು, ಹೀರೋ ಆಗಬೇಡ."

"ಆಗಲ್ಲ," ಎಂದ ಇನ್ಹೋ. ಎಡಗೈಯ ಗವಸಿಗೆ ಬೆರಳುಗಳನ್ನು ಒಂದೊಂದಾಗಿ ದೋಂಗ್ಸುವೇ ತೂರಿಸಿದ.

ಮೆಟ್ಟಿಲಲ್ಲಿ ಮಾಲ್ಜಾ ಹಿಂದೆ ನಡೆದಳು. ತಿರುವಿನಲ್ಲಿ ಪೆಟ್ಟಿಗೆ ಒಂದು ಕಡೆಗೆ ವಾಲಿತು. ಇನ್ಹೋನ ಕುತ್ತಿಗೆಯ ನರಗಳು ಉಬ್ಬಿದವು. "ಸೋತ್ಯೇನೋ?" ಎಂದ ತೇಗಿಲ್, ಹಿಂದೆ ನೋಡದೆ.  ಪೆಟ್ಟಿಗೆ ನೆಟ್ಟಗಾಯಿತು, ಮೇಲಕ್ಕೆ ಹೋಯಿತು.

ಶವದ ಬಸ್ಸು ಸುಡುಗಾಡಿಗೆ ಹೋಗುವ ಮುಂಚೆ ಗಲ್ಲಿಯ ಬಾಯಲ್ಲಿ ನಿಂತಿತು. ಸತ್ತವರಿಗೆ ಅವರ ಮನೆಯನ್ನು ಕೊನೆಗೊಮ್ಮೆ ತೋರಿಸಬೇಕು. ಮಿರಾನ್ ಪಟವನ್ನು ಎದೆಗೆ ಹಿಡಿದು ಮುಂದೆ ನಡೆದಳು. ತೇಗಿಲ್ ಬೀಗ ತೆಗೆದ. ಮಾಲ್ಜಾ ಅವರ ಹಿಂದೆ ಹೋಗದೆ, ಗಂಟು ಹಿಡಿದು ತನ್ನ ಮನೆಗೆ ನುಗ್ಗಿದಳು. ಡಬ್ಬಿಯ ಅಂಚಿನಲ್ಲಿ ತೆಳ್ಳಗೆ ಮಂಜು ಕಟ್ಟಿತ್ತು. ಬಟ್ಟಲಿಗೆ ಸುರಿದಳು. ಬಾಗಿಲಲ್ಲಿ ಇನ್ಹೋ ಆಗಲೇ ನಿಂತಿದ್ದ, ಗವಸು ಬಿಚ್ಚದೆ.

"ಹುಳಿಯಾಗಿರತ್ತೆ," ಎಂದಳು.

ಅವನು ಎರಡೂ ಕೈಯಲ್ಲಿ ಹಿಡಿದು, ಕತ್ತು ಹಿಂದಕ್ಕೆ ಬಾಗಿಸಿ, ಅರ್ಧ ಕುಡಿದು ನಿಲ್ಲಿಸಿದ. "ಅಮ್ಮನ ಜೊತೆ ಅಂದಿದ್ರು," ಎಂದು ಬಟ್ಟಲು ಮುಂದೆ ಚಾಚಿದ.

ಮಾಲ್ಜಾ ಕುಡಿದಳು. ಹಲ್ಲು ಜುಮ್ಮೆಂದಿತು. ಹುಳಿಯೇ ಆಗಿತ್ತು, ಅದರಡಿ ಒಂದು ಸಿಹಿ. ಮೂಲಂಗಿಯ ಹೋಳನ್ನೂ ಬಿಡದೆ ಅಗಿದಳು.

ಬಸ್ಸಿನವನು ಹಾರ್ನ್ ಒತ್ತಿದ. ಬಟ್ಟಲು ಮತ್ತೆ ಖಾಲಿ. ಮೂರು ದಿನದಿಂದ ಮನೆಯಲ್ಲಿ ಒಲೆ ಹಚ್ಚಿರಲಿಲ್ಲ. ಮಾಲ್ಜಾ ಅಡುಗೆಮನೆಯೆಲ್ಲ ಕಣ್ಣಾಡಿಸಿದಳು, ಅಕ್ಕಿಯ ಮಡಕೆಯ ಮುಚ್ಚಳ ಎತ್ತಿದಳು. ನಿನ್ನೆ ಗುಮ್ಸಿಲ್‌ಳ ಬಾಯಿಗೆ ಕೊನೆಯ ಪಯಣದ ಬುತ್ತಿಯೆಂದು ಮಕ್ಕಳು ಅಕ್ಕಿಕಾಳು ಹಾಕುವಾಗ ತಾನು ಶವದ ಕೋಣೆಯ ಗಾಜಿನಾಚೆ ಬೆನ್ನು ತಿರುಗಿಸಿ ನಿಂತದ್ದು ನೆನಪಾಯಿತು. ಬೊಗಸೆ ತುಂಬ ತುಂಬಿದಳು. ಮತ್ತೊಂದು ಬೊಗಸೆ. ಅಂಚು ಮೀರಿ ಗೋಪುರವಾಗುವ ತನಕ.

ಗಲ್ಲಿ ದಾಟಿದಳು. ಪಟ ಕೋಣೆ ಕೋಣೆ ಸುತ್ತಿ ಅಡುಗೆಮನೆಗೆ ಬಂದಿತ್ತು. ಮಾಲ್ಜಾ ಹೊಸ್ತಿಲು ದಾಟಿ ಒಳಗೆ ಬಂದದ್ದನ್ನು ಕಂಡು ಮಿರಾನ್ ಪಕ್ಕಕ್ಕೆ ಸರಿದಳು. ಗೋಡೆಯ ಹಲಗೆಯ ಮೇಲೆ ನೀಲಿ ಅಂಚಿನ ಬಟ್ಟಲುಗಳು ಸಾಲಾಗಿ ಬೋರಲು ಬಿದ್ದಿದ್ದವು. ಸಾಲಿನ ಕೊನೆಯಲ್ಲಿ ಒಂದು ಬಟ್ಟಲಿನಷ್ಟು ಜಾಗ ಬಿಟ್ಟಿತ್ತು. ಅಲ್ಲಿ ಧೂಳಿರಲಿಲ್ಲ, ಯಾರೋ ಒರೆಸಿ ಒರೆಸಿ ಇಟ್ಟುಕೊಂಡ ಹಾಗಿತ್ತು. ಮಾಲ್ಜಾ ತುದಿಗಾಲಲ್ಲಿ ನಿಂತು ತನ್ನ ಬಟ್ಟಲನ್ನು ಅಲ್ಲಿಟ್ಟಳು. ಬೋರಲು ಬಿದ್ದ ಬಟ್ಟಲುಗಳ ಪಕ್ಕದಲ್ಲಿ ಅದೊಂದೇ ಬಾಯಿ ಮೇಲಾಗಿ ಕೂತಿತು. ಅಕ್ಕಿಯ ಗೋಪುರದ ತುದಿಯಿಂದ ನಾಲ್ಕು ಕಾಳು ಜಾರಿ, ಹಲಗೆಯ ಮೇಲೆ ಟಪಟಪ ಉದುರಿ ನಿಂತವು.