ಮೂರನೇ ಮಹಡಿಯಲ್ಲಿ ದೋಣಿಯ ಹುಟ್ಟು

"ರೀ, ಇನ್ನು ಈ ಮನೇಲಿ ಆ ದೋಣಿಯ ಹುಟ್ಟು ಇರಬೇಕು, ಇಲ್ಲ ನಾನಿರಬೇಕು!" ಎಂದು ಹೆಂಡತಿ ಸೌಟು ಹಿಡಿದುಕೊಂಡೇ ಕೂಗಿದಳು.

ಅವನು ಹಣೆ ಉಜ್ಜಿಕೊಂಡ. ಹುಟ್ಟು ಒಂಬತ್ತಡಿ, ಕೋಣೆ ಹತ್ತಡಿ. ಬಾಗಿಲ ಮೇಲೆ ಅಡ್ಡಲಾಗಿ ಕಟ್ಟಿದ್ದ ಅದು ದಿನಕ್ಕೆರಡು ಸಲ ಅವನ ಹಣೆಗೇ ಬಡಿಯುತ್ತಿತ್ತು. ಅಣೆಕಟ್ಟಿನ ನೀರಿನಲ್ಲಿ ಊರು ಮುಳುಗಿ, ಅವರು ಪಟ್ಟಣದ ಈ ಮೂರನೇ ಮಹಡಿಗೆ ಬಂದು ಎರಡು ವರ್ಷ. ಅಲ್ಲಿ ಅಂಬಿಗನಾಗಿದ್ದವನು ಇಲ್ಲಿ ಆಸ್ಪತ್ರೆಯ ಲಿಫ್ಟ್ ನಡೆಸುತ್ತಿದ್ದ. ದೋಣಿ ಅಡ್ಡ ಹೋಗುತ್ತಿತ್ತು, ಇದು ಮೇಲಕ್ಕೆ ಹೋಗುತ್ತದೆ, ಅಷ್ಟೇ ಎಂದು ತಾನೇ ತಮಾಷೆ ಮಾಡಿಕೊಳ್ಳುತ್ತಿದ್ದ.

"ಹೊತ್ತು ತಂದಿದ್ದು ನಾನಲ್ಲ, ನಿನ್ನ ಮಗಳು," ಎಂದು ಗೊಣಗಿ, ಹುಟ್ಟನ್ನು ಕೆಳಗಿನ ಬಡಗಿಯ ಹತ್ತಿರ ಒಯ್ದ. ಬಟ್ಟೆ ಒಣಹಾಕುವ ಕೋಲಾದರೂ ಆಗಲಿ! ಮೇಲಿದ್ದ ಗೀರುಗಳಿಗೆ ಸಿಕ್ಕಿ ಬಟ್ಟೆ ಹರಿಯಬಾರದೆಂದು ನುಣ್ಣಗೆ ಹೆರೆಸಿಯೂ ತಂದ.

ಹದಿನೈದರ ಮಗಳು ಅದನ್ನು ನೋಡಿದವಳೇ ತಬ್ಬಿಕೊಂಡು ಮೆಟ್ಟಿಲ ಮೇಲೆ ಕೂತಳು. ಊಟಕ್ಕೂ ಏಳಲಿಲ್ಲ.

ಮಕ್ಕಳ ತೂಕ ನೋಡಲು ಬಂದಿದ್ದ ನರ್ಸಕ್ಕನಿಗೆ ದಾರಿಯೇ ಇಲ್ಲದಾಯಿತು.

"ನೋಡಿ ನರ್ಸಕ್ಕ, ಶಾಲೆ ಬಿಟ್ಟು ಒಂದು ವಾರ ಆಯ್ತು. ಈಗ ಕೋಲಿಗೊಂದು ಅಳು!" ಎಂದ ಅವನು.

"ಯಾಕಮ್ಮಾ?"

"ಅಕ್ಕಾ, ನಮ್ಮ ಮನೇಲಿ ಯಾರಾದ್ರೂ ಮೊದಲ ಸಲ ತಾವೇ ಹುಟ್ಟು ಹಾಕಿ ಹೊಳೆ ದಾಟಿದ್ರೆ ಇದರ ಮೇಲೊಂದು ಗೀರು. ಮುತ್ತಜ್ಜಂದು, ಅಜ್ಜಿದು, ಅಪ್ಪಂದು. ಕೊನೇದು ನಂದು. ಶಾಲೇಲಿ ನನ್ನ 'ಮುಳುಗಡೆ' ಅಂತಾರೆ. ಹೊಳೆ ದಾಟಿದೋಳು ನಾನು ಅಂತ ಹೇಳ್ಕೊಳ್ಳೋಕೆ ಇದೊಂದೇ ಇತ್ತು."

ಅವನು ನುಣುಪಾದ ಹುಟ್ಟನ್ನೊಮ್ಮೆ ನೋಡಿದ. ಬಾಯಿ ಮಾತ್ರ ಸೋಲಲಿಲ್ಲ. "ಹೊಳೇನೇ ಹೋಯ್ತಲ್ಲ, ಅಕ್ಕಾ. ಹೊಸ ಜಾಗ. ಮಕ್ಕಳು ಹಳೇದು ಮರೆತರೇ ಒಳ್ಳೇದಲ್ವಾ?"

"ಈ ಮಾತು ಕೇಳಿ ಕೇಳಿ ಸಾಕಾಯ್ತಣ್ಣ! ಪಕ್ಕದ ಮನೆಯವರು ಅಜ್ಜಿ ಹೊಲಿದ ಹೊದಿಕೆ ಹರಿದು ನೆಲ ಒರೆಸಿದ್ರು. ಆಮೇಲೆ 'ಹುಡುಗ ಮಂಕಾಗಿದ್ದಾನೆ, ಟಾನಿಕ್ ಕೊಡಿ' ಅಂತ ನನ್ನ ಹತ್ರ ಬಂದ್ರು. ಎಲ್ಲಿಂದ ತರ್ಲಿ ಅದಕ್ಕೆ ಟಾನಿಕ್ಕು? ತನ್ನವರು ಯಾರು ಅಂತ ಗೊತ್ತಿರೋ ಮಗು ಹೊಸ ಜಾಗದಲ್ಲೂ ಧೈರ್ಯವಾಗಿ ನಿಲ್ಲುತ್ತೆ. ಬಟ್ಟೆಗೆ ಹಗ್ಗ ಸಾಲ್ದಾ ನಿಮಗೆ? ಗೀರು ಹೋಯ್ತು, ಸರಿ. ನೆನಪನ್ನೂ ಹೆರೆಸಿಬಿಟ್ರಾ? ಕೂತ್ಕೊಳ್ಳಿ, ಯಾವುದು ಯಾರದು ಹೇಳಿ."

ಅವನು ಸಿಡುಕುತ್ತಲೇ ಕೂತ. ಮುತ್ತಜ್ಜನ ಕಥೆ ಮುಗಿದು ತನ್ನದಕ್ಕೆ ಬಂದಾಗ ಸಿಡುಕು ಎಲ್ಲೋ ಜಾರಿಹೋಗಿತ್ತು. "ನಾನಂತೂ ಒಂದೇ ಏಟಿಗೆ ದಾಟಿದೆ..."

"ಸುಳ್ಳು!" ಬಾಗಿಲಿಂದ ಹೆಂಡತಿ ಕೂಗಿದಳು. "ದೋಣಿ ಮಗುಚಿ, ನಿಮ್ಮಮ್ಮ ಜುಟ್ಟು ಹಿಡಿದು ಎಳೆದಿದ್ರಂತೆ. ಅವರೇ ಹೇಳಿದ್ದು."

ಒಂದು ವಾರದಿಂದ ನಗದಿದ್ದ ಮಗಳು ನಕ್ಕಳು. ಅವನು ಚಾಕು ತರಿಸಿ, ಒಂದೊಂದಾಗಿ ಗೀರು ಹಾಕತೊಡಗಿದ. ಕೊನೆಯದನ್ನು ಮಗಳ ಕೈಯಿಂದಲೇ ಹಾಕಿಸಿದ. ಅವಳು ಅಷ್ಟೂ ಕಥೆಯನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. "ನಾಳೆ ಶಾಲೆಗೆ ಒಯ್ತೀನಪ್ಪ. ಮುಳುಗಡೆ ಅಂದೋರು ಓದ್ಲಿ."

ನೆಲೆ ತಪ್ಪಿ ಬಂದ ಅಪ್ಪ ಅಮ್ಮಂದಿರೇ, ಹಳೆಯ ಮನೆಯಿಂದ ಬಂದ ವಸ್ತುವನ್ನು ಎಸೆಯುವ ಮೊದಲು ಮಕ್ಕಳನ್ನು ಒಂದು ಮಾತು ಕೇಳಿ. ಅದು ಯಾರದು, ಯಾತಕ್ಕಿತ್ತು ಎಂದು ಅವರಿಗೆ ಹೇಳಿ, ಬರೆಸಿಡಿ. ವಸ್ತು ಕಳೆದಿದ್ದರೂ ಪರವಾಗಿಲ್ಲ, ಕಥೆ ನಿಮ್ಮ ಬಾಯಲ್ಲೇ ಇದೆ.

ಮರುದಿನ ಬೆಳಿಗ್ಗೆ ಮಗಳು ಚೀಲ ಹೆಗಲಿಗೇರಿಸಿ ಈ ಸಲ ಅಮ್ಮನೇ ಬಾಗಿಲ ಮೇಲೆ ಕಟ್ಟಿಸಿದ್ದ ಹುಟ್ಟಿನಡಿ ತಲೆ ತಗ್ಗಿಸಿ ದಾಟಿದಳು. ಹಿಂದೆಯೇ ಹೊರಟ ಅಪ್ಪನ ಹಣೆಗೆ ಹುಟ್ಟು ಮತ್ತೆ ಬಡಿಯಿತು. ಬೈಯಲು ಬಾಯಿ ತೆರೆದವನು, ಗೀರುಗಳನ್ನೊಮ್ಮೆ ಸವರಿ ಕೆಲಸಕ್ಕೆ ಹೋದ.